ದೋಷ ಕಂಡುಬಂದಿಲ್ಲ

ನನಗೆ ಬೆಚ್ಚಿಬೀಳುವ ಅಭ್ಯಾಸವಿದೆ. ಇದನ್ನು ಅಭ್ಯಾಸ ಎನ್ನಬೇಕೋ ಕಾಯಿಲೆ ಎನ್ನಬೇಕೋ ಇಷ್ಟು ವಯಸ್ಸಾದರೂ ತೀರ್ಮಾನವಾಗಿಲ್ಲ. ಕುಕ್ಕರು ಕೂಗಿದರೆ, ಗಾಳಿಗೆ ಬಾಗಿಲು ಬಡಿದರೆ, ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ನಾನು ಗೇಣು ಎತ್ತರ ಹಾರಿ ಕೆಳಗಿಳಿಯುತ್ತೇನೆ. ಕೈಯಲ್ಲಿ ಕಾಫಿ ಇದ್ದರೆ ಅದು ಸೀರೆಯ ಪಾಲು. ಚಿಕ್ಕಂದಿನಲ್ಲಿ ನಮ್ಮ ಹಿತ್ತಲಿನ ಹಲಸಿನ ಮರದಿಂದ ಹಣ್ಣು ಬಿದ್ದರೆ ಮನೆಯವರೆಲ್ಲ ಹಣ್ಣಿನ ಕಡೆ ಓಡುತ್ತಿದ್ದರು, ದೊಡ್ಡಮ್ಮ ಮಾತ್ರ ನನ್ನ ಕಡೆ ಓಡಿಬರುತ್ತಿದ್ದಳು. ಹಿಡಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದರೆ ಅದು ಚಟಪಟ ಸಿಡಿಯುತ್ತಿತ್ತು; ಆ ಸದ್ದಿಗೆ ನಾನು ಮತ್ತೆ ಬೆಚ್ಚುತ್ತಿದ್ದೆ. ತಾಯತವೂ ಆಯಿತು, ವಿಭೂತಿಯೂ ಆಯಿತು. ಶಾಲೆಯಲ್ಲಿ ಗೆಳತಿಯರು ಬೆಚ್ಚಮ್ಮ ಎಂದು ಹೆಸರಿಟ್ಟರು. ಮುಂದೆ ನಾನೇ ಹೈಸ್ಕೂಲಿನಲ್ಲಿ ಕನ್ನಡ ಮಿಸ್ ಆದಾಗ ಮಕ್ಕಳು ಮೊದಲ ವಾರದಲ್ಲೇ ಗುಟ್ಟು ಕಂಡುಹಿಡಿದುಬಿಟ್ಟರು. ಡಸ್ಟರ್ ತಾನಾಗಿ ಕೆಳಗೆ ಬೀಳುವ ತರಗತಿಯೆಂದರೆ ಆಲೂರು ತಾಲ್ಲೂಕಿನಲ್ಲೆಲ್ಲ ಅದೊಂದೇ ಇರಬೇಕು. ನಮ್ಮ ಮುಖ್ಯೋಪಾಧ್ಯಾಯರು ಒಳ್ಳೆಯವರು, ಸ್ಟಾಫ್ ರೂಮಿನ ಬಾಗಿಲಿನಲ್ಲಿ ಕೆಮ್ಮಿ ಒಳಗೆ ಬರುತ್ತಿದ್ದರು. ಒಂದು ಸಲ ಆ ಕೆಮ್ಮಿಗೇ ಬೆಚ್ಚಿದ ಮೇಲೆ ಅದನ್ನೂ ಬಿಟ್ಟರು.

ಇಂಥ ನಾನು ಆನೆಯಂತೆ ಘೀಳಿಡುವ ಫೋನೊಂದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತೇನೆಂದರೆ ನೀವು ನಂಬಲಿಕ್ಕಿಲ್ಲ.

ಆಲೂರು, ಸಕಲೇಶಪುರದ ಕಡೆಯವರಿಗೆ ಆನೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರು ಬೆಳಿಗ್ಗೆ ಎದ್ದು ಮೋಡ ನೋಡುವ ಹಾಗೆ ನಾವು ‘ಎಲ್ಲೈತಂತೆ’ ಎಂದು ಕೇಳುತ್ತೇವೆ. ಯಾವುದು ಎಂದು ಯಾರೂ ಕೇಳುವುದಿಲ್ಲ. ‘ನೆನ್ನೆ ಸಂಜೆ ಕೆರೆ ಏರಿ ಮೇಲಿತ್ತಂತೆ’ ಎಂದರೆ ಆವತ್ತು ಆ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯುತ್ತೇವೆ. ಈ ಕೇಳುವ ಹೇಳುವ ಕೆಲಸವನ್ನು ಫೋನಿಗೆ ಒಪ್ಪಿಸಬಹುದಲ್ಲ ಎಂದು ಯೋಚಿಸಿದವಳು ಪಲ್ಲವಿ. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಸಕಲೇಶಪುರದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಹಾಸನದಲ್ಲಿರುವ ಗೆಳತಿಯೊಬ್ಬಳನ್ನು ಸೇರಿಸಿಕೊಂಡು, ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ ಕೂತು ಒಂದು ಆಪ್ ಮಾಡಿದಳು. ಹೆಸರು ಸೊಂಡಿಲು. ಆನೆ ಕಂಡವರು ಅದನ್ನು ತೆರೆದು ಕೆಂಪು ಗುಂಡಿಯೊಂದನ್ನು ಒತ್ತಿದರೆ ಸಾಕು, ಆ ಸುತ್ತಿನಲ್ಲಿ ಸೊಂಡಿಲು ಇರುವ ಫೋನುಗಳೆಲ್ಲ ಘೀಳಿಡುತ್ತವೆ. ಯಾರೂ ದುಡ್ಡು ಕೊಡಬೇಕಾಗಿಲ್ಲ. ಮಾಡಿದವರಿಗೂ ಯಾರೂ ಕೊಡುವುದಿಲ್ಲ.

ಅದರೊಳಗಿನ ಮಾತುಗಳೆಲ್ಲ ಕನ್ನಡದಲ್ಲಿರಬೇಕು, ಬರೆದುಕೊಡಿ ಮಿಸ್ ಎಂದು ಪಲ್ಲವಿ ಬಂದಳು. ನಿವೃತ್ತಳಾಗಿ ಮನೆಯಲ್ಲಿ ಕೂತವಳಿಗೆ ಇದಕ್ಕಿಂತ ಏನು ಬೇಕು. ಇರುವ ವ್ಯಾಕರಣವನ್ನೆಲ್ಲ ಸುರಿದು ಬರೆದೆ. ಕೆಂಪು ಗುಂಡಿ ಒತ್ತಿದೊಡನೆ ‘ತಮ್ಮ ಮಾಹಿತಿಯನ್ನು ಕಳುಹಿಸಲಾಗಿದೆ’ ಎಂದು ಬರಬೇಕು. ಆಪ್ ಸರಿಯಿಲ್ಲವೆಂದು ಯಾರಾದರೂ ಬರೆದರೆ ‘ತಮ್ಮ ದೂರನ್ನು ಸ್ವೀಕರಿಸಲಾಗಿದೆ’. ಪರೀಕ್ಷಿಸಿ ನೋಡಿದಾಗ ಏನೂ ತೊಂದರೆ ಕಾಣದಿದ್ದರೆ ‘ದೋಷ ಕಂಡುಬಂದಿಲ್ಲ. ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ’. ಓದಿ ಪಲ್ಲವಿ ನಕ್ಕಳು. ತಾಲ್ಲೂಕು ಕಚೇರಿಗೆ ಹೋಗಿಬಂದ ಹಾಗಾಯಿತು ಎಂದಳು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮೊದಲ ಕೆಲವು ತಿಂಗಳು ಜನ ಸೊಂಡಿಲನ್ನು ಹೊಗಳಿದ್ದೇ ಹೊಗಳಿದ್ದು. ಬೆಳಗೋಡಿನ ಕಡೆಯ ಹಳ್ಳಿಗಳಲ್ಲಂತೂ ಮನೆಗೊಂದು ಫೋನಿನಲ್ಲಿ ಅದು ಇತ್ತು. ನನ್ನ ಫೋನಿಗೂ ಪಲ್ಲವಿ ಹಾಕಿಕೊಟ್ಟಳು. ಮೊದಲ ಸಲ ಅದು ಕೂಗಿದಾಗ ನಾನು ಆಲೂರಿನ ತರಕಾರಿ ಅಂಗಡಿಯಲ್ಲಿ ಬೀನ್ಸ್ ಆರಿಸುತ್ತಿದ್ದೆ. ಆಮೇಲೆ ಆ ಅಂಗಡಿಯವನು ನಾನು ಬಂದರೆ ಬೀನ್ಸ್ ಬುಟ್ಟಿಯನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತಾನೆ.

ಬಳಿಕ ದೂರುಗಳು ಶುರುವಾದವು. ಆಪ್ ಬಳಸುವವರದ್ದೆಂದು ಒಂದು ಗ್ರೂಪ್ ಇತ್ತು, ಅಲ್ಲಿ ಬರೆಯುತ್ತಿದ್ದರು. ಆನೆ ಬಂದು ಹೋಯಿತು, ಫೋನು ಕೂಗಲಿಲ್ಲ. ಪಲ್ಲವಿ ಯಾವ ಫೋನು, ಯಾವ ಮಾಡೆಲ್ಲು ಎಂದು ಕೇಳುವಳು. ಬಾಳೆ ತೋಟ ಹಾಳಾದವನಿಗೆ ಮಾಡೆಲ್ ಯಾವುದೆಂದು ಕೇಳಿದರೆ ಹೇಗಿರುತ್ತದೆ, ನೀವೇ ಊಹಿಸಿ. ಕೆಲವು ಫೋನುಗಳು ಚಾರ್ಜ್ ಉಳಿಸಲೆಂದು ಆಪನ್ನು ತಾವೇ ಮಲಗಿಸಿಬಿಡುತ್ತವೆ, ಸೆಟ್ಟಿಂಗ್ ಬದಲಾಯಿಸಿ ಎಂದು ಅವಳು ವಿವರಿಸುವಳು. ನಮ್ಮ ಫೋನಿಗೇನಾಗೈತೆ, ಹಾಡು ಬರಲ್ವಾ, ಸಿನಿಮಾ ಬರಲ್ವಾ ಎಂದು ಅವರು ಕೇಳುವರು. ಅವಳು ತನ್ನ ಕಡೆಯಿಂದ ಪರೀಕ್ಷೆಯ ಕರೆ ಕಳಿಸಿ ನೋಡುವಳು. ಅವರ ಫೋನು ಸರಿಯಾಗಿ ಕೂಗುವುದು. ಆಗ ನನ್ನ ಚಂದದ ವಾಕ್ಯ ಅವರಿಗೆ ತಲುಪುವುದು. ದೋಷ ಕಂಡುಬಂದಿಲ್ಲ.

ಅಂಥ ವಾಕ್ಯ ತಲುಪಿದವರಲ್ಲಿ ಶಿವನಂಜಪ್ಪ ಒಬ್ಬರು. ಬೆಳಗೋಡಿನಿಂದ ಒಳಗೆ ಒಂದು ಹಳ್ಳಿಯಲ್ಲಿ ಅವರಿಗೆ ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಹೆಂಡತಿ ಗಂಗಮ್ಮ, ತಮ್ಮ ಮಲ್ಲೇಶ, ನಾಲ್ಕಾರು ದನ. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಗಂಗಮ್ಮ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದಾರೆ. ತಿರುವಿನಲ್ಲಿ ಒಂಟಿ ಸಲಗ. ಹಿಂದಕ್ಕೆ ಓಡಿದವರು ಚರಂಡಿಗೆ ಬಿದ್ದು ಮುಂಗೈ ಮುರಿದುಕೊಂಡರು. ಆನೆ ಅವರನ್ನು ಮೂಸಿ ನೋಡುವಷ್ಟು ಹತ್ತಿರ ಬಂದು, ಏನನ್ನಿಸಿತೋ, ತಿರುಗಿ ಹೋಯಿತಂತೆ. ಅವರು ಹೊರಡುವಾಗ ಮನೆಯಲ್ಲಿದ್ದ ಫೋನು ಕೂಗಿರಲೇ ಇಲ್ಲ. ಪಕ್ಕದ ತೋಟದವರು ತಾವು ಆನೆ ಕಂಡ ಕೂಡಲೇ ಒತ್ತಿದ್ದೆವು ಎಂದು ಆಣೆ ಮಾಡಿದರು. ಶಿವನಂಜಪ್ಪನವರು ಅವರನ್ನು ಸುಳ್ಳುಗಾರರೆಂದು ಕರೆದರು; ಎರಡು ಮನೆಗೂ ಮಾತು ಬಿಟ್ಟುಹೋಯಿತು. ಆಪಿಗೂ ದೂರು ಕೊಟ್ಟರು. ಪಲ್ಲವಿ ಎಂದಿನಂತೆ ಪರೀಕ್ಷಿಸಿದಳು, ಅವರ ಫೋನು ಕೂಗಿತು.

ನನ್ನ ವಾಕ್ಯ ಹೋದ ದಿನವೇ ಅವರು ಗ್ರೂಪಿಗೊಂದು ಧ್ವನಿ ಸಂದೇಶ ಹಾಕಿದರು. ನಾನು ಅಡುಗೆಮನೆಯಲ್ಲಿ ಸಾರು ಕುದಿಸುತ್ತ ಅದನ್ನು ಕೇಳಿದೆ. ನನ್ನ ಹೆಂಡ್ತಿ ಕೈ ಮುರಿದೈತೆ, ನಿಮಗೆ ಕಂಡ್ಬಂದಿಲ್ವಾ ಎಂದು ಶುರುವಾಗಿ, ಬಡವರ ಜೀವದ ಜೊತೆ ಆಟ ಆಡುವ ಕಂಪನಿ, ಗಾಜಿನ ಕಟ್ಟಡದಲ್ಲಿ ಕೂತು ಬೊಗಳೆ ಬಿಡುವವರು, ನಿಮ್ಮ ಮನೆಯವರ ಮೇಲೇ ಆನೆ ಬರಲಿ ಎನ್ನುವವರೆಗೆ ಹೋಯಿತು. ನಡುವೆ ಬಂದ ಕೆಲವು ಪದಗಳನ್ನು ನಾನು ಇಲ್ಲಿ ಬರೆಯಲಾರೆ. ಇದರ ಕೆಳಗೆ ಸಾಲುಗಟ್ಟಿ ಮೆಚ್ಚುಗೆಯ ಹೆಬ್ಬೆರಳುಗಳು. ನಾನು ಒಲೆ ಆರಿಸಿ ಕೂತುಬಿಟ್ಟೆ. ಸದ್ದಿಗೆ ಬೆಚ್ಚುವುದು ನನಗೆ ಗೊತ್ತಿತ್ತು, ಮಾತಿಗೆ ಬೆಚ್ಚುವುದು ಹೊಸದು.

ಮರುದಿನ ಪಲ್ಲವಿ ಒಂದೇ ಸಾಲು ಬರೆದಳು: ಬರುವ ಸೋಮವಾರದಿಂದ ಸೊಂಡಿಲು ನಿಲ್ಲುತ್ತದೆ, ದಯವಿಟ್ಟು ನಿಮ್ಮ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಇದಾದ ಮೇಲೆ ಗ್ರೂಪಿನಲ್ಲಿ ಎದ್ದ ಗದ್ದಲ ಹೇಳತೀರದು. ಬೈದವರೇ ನಿಲ್ಲಿಸಬೇಡಿ ಎಂದು ಬೈಯತೊಡಗಿದರು. ನಾನು ಸಕಲೇಶಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿಕೊಂಡೆ. ಹಣ್ಣಿರುವ ಮರಕ್ಕೇ ಕಲ್ಲೇಟು, ಆಡುವವರ ಬಾಯಿಗೆ ಬೀಗವಿಲ್ಲ, ಹೀಗೆ. ನಲವತ್ತು ನಿಮಿಷದ ಪೀರಿಯಡ್ಡಿಗೆ ಸಾಕಾಗುವಷ್ಟು ಗಾದೆಗಳಿದ್ದವು.

ಹೇಮಾವತಿ ಸೇತುವೆಯ ಈಚೆ ಅವಳ ಬಾಡಿಗೆ ಮನೆ. ಉತ್ತರ ಪತ್ರಿಕೆಗಳ ಕಟ್ಟಿನ ನಡುವೆ ಕೂತಿದ್ದಳು. ಅತ್ತು ಕಣ್ಣು ಊದಿರಬಹುದು ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಕಾಫಿ ಕೊಟ್ಟಳು. ನಾನು ಮೊದಲ ಗಾದೆ ಮುಗಿಸುವಷ್ಟರಲ್ಲಿ ಅವಳು ತಡೆದಳು.

“ಬೈದಿದ್ದಕ್ಕಲ್ಲ ಮಿಸ್,” ಎಂದಳು. “ಕಾಲೇಜಲ್ಲಿ ದಿನಾ ಯಾರಾದ್ರೂ ಬೈತಾರೆ. ಅವರು ಹೇಳಿದ್ದು ನಿಜ ಆಗಿದ್ರೆ ಅಂತ ಭಯ. ಆ ಅಮ್ಮ ಫೋನ್ ನಂಬ್ಕೊಂಡು ಹೊರಗೆ ಹೋದ್ರು. ಕೂಗಿಲ್ಲ ಅಂದ್ರೆ ಆನೆ ಇಲ್ಲ ಅಂತ ಅಲ್ವಾ ಅವರು ಅಂದ್ಕೊಂಡಿದ್ದು. ಏನೂ ಇಲ್ದೇ ಇದ್ದಿದ್ರೆ ಇಣುಕಿ ನೋಡ್ಕೊಂಡಾದ್ರೂ ಹೋಗ್ತಿದ್ರು.”

ಉಳಿದ ಗಾದೆಗಳನ್ನು ಕೈಬಿಟ್ಟೆ. ಇಷ್ಟು ದಿನ ನಾನು ಯೋಚಿಸಿದ್ದು ಅವಳ ಮನಸ್ಸು ನೊಂದಿದೆಯೆಂದಷ್ಟೇ. ಅವಳು ಯೋಚಿಸುತ್ತಿದ್ದುದು ಗಂಗಮ್ಮನ ಬಗ್ಗೆ. ತಪ್ಪು ಎಲ್ಲಿದೆ ಎಂದು ಅವಳೂ ಗೆಳತಿಯೂ ಹುಡುಕಿ ಹುಡುಕಿ ಸೋತಿದ್ದರು. ಇದ್ದರೆ ಸಿಗುತ್ತಿಲ್ಲ, ಇಲ್ಲವೆಂದರೆ ಜನ ಬೀಳುತ್ತಿದ್ದಾರೆ. ಯಾರಾದರೂ ಸಾಯುವ ಮೊದಲು ನಿಲ್ಲಿಸಿಬಿಡುತ್ತೇನೆ ಎಂದಳು.

ನೀನು ಆ ಮನೆಗೆ ಹೋಗಿ ನೋಡಿದ್ದೀಯಾ ಎಂದು ಕೇಳಿದೆ. ಇಲ್ಲವೆಂದಳು. ದೂರು ಕೊಟ್ಟ ಯಾರ ಮನೆಗೂ ಹೋಗಿರಲಿಲ್ಲ. ಫೋನಿನ ಕೆಲಸ ಫೋನಿನಲ್ಲೇ ಆಗುವಾಗ ಹೋಗುವುದೇಕೆ ಎಂದು ಅವಳಿಗೂ ಅನ್ನಿಸಿತ್ತು, ನನಗೂ ಅನ್ನಿಸಿತ್ತು.

ಆ ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಬೆಳಗೋಡಿನವರೆಗೆ ಬಸ್ಸು, ಅಲ್ಲಿಂದ ಆಟೋ. ಕಾಫಿ ಹಣ್ಣು ಕುಯ್ಯುವ ಕಾಲ. ಶಿವನಂಜಪ್ಪನವರ ಮನೆಯ ಮುಂದಿನ ಕಣದಲ್ಲಿ ಕಾಫಿ ಒಣಗಲು ಹರಡಿದ್ದರು. ತಾರಸಿ ಮನೆ, ಮುಂದೆ ಜಗಲಿ, ಹಿಂದೆ ಅಡುಗೆಮನೆಗೆ ಒತ್ತಿಕೊಂಡೇ ಗುಡ್ಡ. ಮುಂಚೆಯೇ ಫೋನು ಮಾಡಿ ಆಪಿನವರನ್ನು ಕರೆತರುತ್ತೇನೆ ಎಂದಿದ್ದೆ. ಅವರು ಒಗೆದ ಅಂಗಿ ತೊಟ್ಟು, ಜಗಳಕ್ಕೆ ತಯಾರಾಗಿ ನಿಂತಿದ್ದರು. ನಮ್ಮಿಬ್ಬರನ್ನು ನೋಡಿ, ಆಟೋದ ಕಡೆ ನೋಡಿ, ಮತ್ತೆ ನಮ್ಮನ್ನು ನೋಡಿದರು.

“ಕಂಪ್ನಿಯೋರು ಎಲ್ಲಿ ಮೇಡಮ್ಮೋರೆ?”

ಇವಳೇ ಎಂದೆ. ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡ ಸಣ್ಣ ಹುಡುಗಿಯೊಬ್ಬಳು ಗಾಜಿನ ಕಟ್ಟಡದ ಜಾಗದಲ್ಲಿ ನಿಂತಿದ್ದನ್ನು ಅವರು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಸರ್ಕಾರದಿಂದ ಎಷ್ಟು ಬರುತ್ತದೆ ಎಂದು ಕೇಳಿದರು. ಏನೂ ಬರುವುದಿಲ್ಲ ಎಂದಳು. ಮತ್ತೆ ಯಾಕೆ ಮಾಡ್ತೀರಿ ಎಂದರು. ಪಲ್ಲವಿ ಗಂಗಮ್ಮನ ಕೈ ನೋಡಿದಳು. ಪ್ಲಾಸ್ಟರ್ ಹಾಕಿದ ಕೈಯನ್ನು ಸೆರಗಿನಲ್ಲಿ ಇಳಿಬಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಗಂಗಮ್ಮ ನಮಗೆ ಕಾಫಿ ತಂದರು.

ಇಷ್ಟಾದ ಮೇಲೆ ಮನುಷ್ಯ ಕರಗುತ್ತಾನೆ, ನಾನೊಂದು ಒಳ್ಳೆಯ ಮಾತು ಸೇರಿಸಿದರೆ ಮುಗಿಯಿತು ಎಂದುಕೊಂಡೆ. ಪುಕ್ಕಟೆಯಾಗಿ, ಜನರಿಗೋಸ್ಕರ ಮಾಡುತ್ತಿದ್ದಾಳೆ ಕಣ್ರೀ ಎಂದೆ. ಶಿವನಂಜಪ್ಪ ಕರಗಲಿಲ್ಲ.

“ಪುಕ್ಕಟೆ ಅನ್ನೋದು ಒಪ್ತೀನಿ,” ಎಂದರು. “ಆದ್ರೆ ಪುಕ್ಕಟೆ ಕೊಟ್ಟ ಹಗ್ಗ ಲಡ್ಡಾಗಿದ್ರೆ, ಅದ್ನ ಹಿಡ್ಕೊಂಡು ಬಾವಿಗಿಳಿದೋನು ಬದುಕ್ತಾನಾ?”

ಪಲ್ಲವಿಯ ಮುಖ ಕೆಂಪಾಯಿತು. ಆದರೂ ದನಿ ಎತ್ತಲಿಲ್ಲ. “ಹಗ್ಗ ಲಡ್ಡಾಗಿದೆ ಅಂತ ಬೈದ್ರಿ. ಎಲ್ಲಿ ಲಡ್ಡಾಗಿದೆ ಅಂತ ಹೇಳ್ಲಿಲ್ಲ. ನಾನು ಅಲ್ಲಿ ಕೂತು ಹೆಂಗೆ ಹುಡುಕ್ಲಿ?”

“ಅದು ನಂಗೊತ್ತಿದ್ರೆ ನಾನೇ ಮಾಡ್ಕೊತಿರ್ಲಿಲ್ವಾ?”

ಇಬ್ಬರದೂ ನ್ಯಾಯವೇ. ಎರಡು ನ್ಯಾಯದ ನಡುವೆ ಕೂತು ನಾನು ಕಾಫಿ ಕುಡಿದೆ. ಪಲ್ಲವಿ ತನ್ನ ಫೋನು ತೆಗೆದು ಪರೀಕ್ಷೆಯ ಕರೆ ಕಳಿಸಿದಳು. ಶಿವನಂಜಪ್ಪನವರ ಜೇಬಿನಿಂದ ಆನೆ ಕೂಗಿತು. ನನ್ನ ಕಾಫಿ ಎಂದಿನ ಜಾಗಕ್ಕೆ ಹೋಯಿತು. ಬರುತ್ತಿದೆಯಲ್ಲ ಎಂಬಂತೆ ಅವಳು ಅವರ ಮುಖ ನೋಡಿದಳು. ಅವರು ಹಲ್ಲು ಕಚ್ಚಿದರು. ಇನ್ನೇನು ದೊಡ್ಡ ಮಾತೇ ಬರುತ್ತದೆ ಎನ್ನುವಾಗ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು, ಬೊಗಳದೆ, ಬಾಲ ಮಡಚಿಕೊಂಡು ನಮ್ಮ ಕಾಲಡಿಯಿಂದ ಒಳಗೆ ನುಗ್ಗಿತು. ಅಡುಗೆಮನೆಯಿಂದ ಗಂಗಮ್ಮ ಬಂದರು. ಅವರ ತುಟಿ ಬಿಳಿಚಿತ್ತು.

“ಬಂದೈತೆ,” ಎಂದರು, ಪಿಸುಮಾತಿನಲ್ಲಿ.

ಹಾಡುಹಗಲು. ಬಿಸಿಲು. ಆನೆ ಹೀಗೂ ಬರುತ್ತದೆಂದು ಕೇಳಿದ್ದೆ, ನೋಡಿರಲಿಲ್ಲ. ಶಿವನಂಜಪ್ಪ ಅಡುಗೆಮನೆಗೆ ಓಡಿ ಹಿತ್ತಲ ಬಾಗಿಲು ಹಾಕಿ, ಅಲ್ಲೇ ನಿಂತು ಫೋನಿನ ಕೆಂಪು ಗುಂಡಿ ಒತ್ತಿದರು. ಆಮೇಲೆ ನಮ್ಮನ್ನು ತಳ್ಳಿಕೊಂಡೇ ತಾರಸಿಗೆ ಹತ್ತಿಸಿದರು. ನಾನು ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ. ಮೇಲೆ ತಲುಪಿ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕುಕ್ಕರಿಸಿದಾಗ ಕೆಳಗೆ ಅದು ಮನೆಯ ಮಗ್ಗುಲಿಂದ ಅಂಗಳಕ್ಕೆ ಬರುತ್ತಿತ್ತು. ಅಷ್ಟು ದೊಡ್ಡದು, ಅಷ್ಟು ನಿಶ್ಶಬ್ದ. ಕಾಫಿ ಹಣ್ಣಿನ ಮೇಲೆ ಕಾಲಿಟ್ಟಾಗ ಮಾತ್ರ ಸಣ್ಣಗೆ ಚರಚರ ಎಂದಿತು. ಇಷ್ಟು ವರ್ಷ ಸದ್ದಿಗೆ ಬೆಚ್ಚಿದವಳು ನಾನು. ಸದ್ದಿಲ್ಲದ್ದು ಇಷ್ಟು ಹೆದರಿಸುತ್ತದೆಂದು ಗೊತ್ತಿರಲಿಲ್ಲ.

ಆಗ ಗಂಗಮ್ಮ ಗಂಡನ ತೋಳು ಹಿಡಿದರು. ಮಲ್ಲೇಶ ಡೈರಿಯಿಂದ ಬರುವ ಹೊತ್ತು.

ಅವನ ಫೋನಿನಲ್ಲೂ ಸೊಂಡಿಲು ಇದೆ, ಕೂಗಿರುತ್ತದೆ, ಅಲ್ಲೇ ನಿಲ್ಲುತ್ತಾನೆ ಎಂದು ಶಿವನಂಜಪ್ಪ ಪಿಸುಗುಟ್ಟಿದರು. ಫೋನು ತೋರಿಸಿದರು. ಪರದೆಯ ಮೇಲೆ ನನ್ನ ವಾಕ್ಯ ಶುದ್ಧವಾಗಿ ಕೂತಿತ್ತು: ತಮ್ಮ ಮಾಹಿತಿಯನ್ನು ಕಳುಹಿಸಲಾಗಿದೆ. ಪಲ್ಲವಿ ಅದನ್ನು ನೋಡಿದಳು, ಸುತ್ತ ಕಿವಿಗೊಟ್ಟಳು. ಅವಳ ಫೋನು ಕೆಳಗೆ ಜಗಲಿಯ ಕುರ್ಚಿಯ ಮೇಲೆ ಉಳಿದಿತ್ತು. ಅದು ಕೂಗಬೇಕಿತ್ತು. ಪಕ್ಕದ ಮನೆಗಳ ಫೋನುಗಳು ಕೂಗಬೇಕಿತ್ತು. ಎಲ್ಲೂ ಒಂದು ಸೊಲ್ಲಿಲ್ಲ. ನನ್ನ ಫೋನಿಗೆ ಬಸ್ಸು ಇಳಿದಾಗಿನಿಂದ ಸಿಗ್ನಲ್ಲೇ ಇರಲಿಲ್ಲ. ಶಿವನಂಜಪ್ಪ ಮತ್ತೆ ಗುಂಡಿ ಒತ್ತಿದರು. ‘ಈ ಮಾಹಿತಿಯನ್ನು ಈಗಾಗಲೇ ಕಳುಹಿಸಲಾಗಿದೆ’ ಎಂದು ಬಂತು. ಒಬ್ಬರೇ ಹತ್ತು ಸಲ ಒತ್ತಿ ಊರನ್ನೆಲ್ಲ ಹೆದರಿಸಬಾರದೆಂದು ಮಾಡಿದ್ದ ಏರ್ಪಾಡು ಅದು.

ತಮ್ಮನಿಗೆ ಫೋನು ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಅಷ್ಟರಲ್ಲಿ ದೂರದಲ್ಲಿ ಮೊಪೆಡ್ಡಿನ ಸದ್ದು ಕೇಳಿತು. ಕೆಳಗೆ ಆನೆ ತಲೆಯೆತ್ತಿ ಕಿವಿ ಅಗಲಿಸಿ ನಿಂತಿತು. ಶಿವನಂಜಪ್ಪ ಎದ್ದು ನಿಂತು ‘ಮಲ್ಲೇಶಾ’ ಎಂದು ಕೂಗಿದರು. ಆ ಕೂಗು ಮೊಪೆಡ್ಡಿನ ಸದ್ದಿನಲ್ಲಿ ಎಲ್ಲಿ ಕೇಳಬೇಕು. ಆನೆ ನಮ್ಮ ಕಡೆಗೊಮ್ಮೆ ತಿರುಗಿ, ಮತ್ತೆ ದಾರಿಯ ಕಡೆಗೆ ನಡೆಯಿತು. ತಿರುವಿನಲ್ಲಿ ಮೊಪೆಡ್ ಕಾಣಿಸಿತು, ಹಿಂದೆ ಬೂಸದ ಮೂಟೆ. ಮುಂದಿನದೆಲ್ಲ ಕಣ್ಣು ಮಿಟುಕಿಸುವುದರಲ್ಲಿ ಆಗಿಹೋಯಿತು. ಮೊಪೆಡ್ ಅಡ್ಡ ಬಿತ್ತು, ಆನೆ ಅದರ ಮೇಲೆ ಬಗ್ಗಿತು, ಧೂಳು ಎದ್ದಿತು. ಮಲ್ಲೇಶ ಎಲ್ಲೂ ಕಾಣಲಿಲ್ಲ.

ಗಂಗಮ್ಮ ಅಳಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದಿದ್ದರು. ಪಲ್ಲವಿ ಬಾಯಿಗೆ ಎರಡೂ ಕೈ ಒತ್ತಿಕೊಂಡಿದ್ದಳು. ಎಷ್ಟು ಹೊತ್ತೋ. ಶಿವನಂಜಪ್ಪನವರ ಕೈಯಲ್ಲಿದ್ದ ಫೋನು ಅದುರತೊಡಗಿತು. ಅವರು ಅದನ್ನು ಕಿವಿಗೆ ಹಿಡಿದರು. ಪಿಸುದನಿಯೊಂದು ನಮಗೆಲ್ಲ ಕೇಳಿಸಿತು.

“ಅಣ್ಣ, ಯಾಕ್ ಫೋನ್ ಮಾಡಿದ್ದೆ?”

ಮೊಪೆಡ್ ಬಿಟ್ಟು ಹಾರಿದವನು ಪಕ್ಕದ ತೋಟದವರ ಕಾಫಿ ಮೂಟೆಯಿಡುವ ಸ್ಟೋರಿನೊಳಗೆ ನುಗ್ಗಿಬಿಟ್ಟಿದ್ದ. ಮಾತು ಬಿಟ್ಟಿದ್ದ ಅದೇ ಮನೆಯವರು. ಬಾಗಿಲು ತೆಗೆದು ಎಳೆದುಕೊಂಡವರು ಅವರೇ. ಶಿವನಂಜಪ್ಪ ನಿಂತಲ್ಲೇ ಕೂತರು. ಆನೆ ಬೂಸದ ಮೂಟೆ ಸೀಳಿ, ಸಾವಕಾಶವಾಗಿ ತಿಂದು, ದಾರಿ ದಾಟಿ ಆಚೆಯ ಎಸ್ಟೇಟಿನ ಮರಗಳ ನಡುವೆ ಸೇರಿಹೋಯಿತು.

ನಾವು ಕೆಳಗಿಳಿಯಲು ಧೈರ್ಯ ಕೂಡಿಸಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟಿರಬೇಕು. ಜಗಲಿಯಿಂದ ಆನೆಯೊಂದು ಘೀಳಿಟ್ಟಿತು. ಗಿಡಗಳಾಚೆಯಿಂದ ಇನ್ನೊಂದು. ಗುಡ್ಡದ ಬುಡದಿಂದ ಮತ್ತೊಂದು. ಹಿಂಡೇ ಬಂತೆಂದು ನಾಲ್ಕೂ ಜನ ಒಬ್ಬರ ಮೇಲೊಬ್ಬರು ಬಿದ್ದು ತಾರಸಿಗೆ ವಾಪಸ್ಸು ಓಡಿದೆವು. ಸುತ್ತಲಿನ ಮನೆಗಳ ಫೋನುಗಳೆಲ್ಲ ಕೂಗುತ್ತಿವೆಯೆಂದು ಮೊದಲು ತಿಳಿದದ್ದು ಪಲ್ಲವಿಗೆ. ಆನೆ ಬಂದು, ತುಳಿದು, ತಿಂದು, ಹೋದ ಮೇಲೆ ಸೊಂಡಿಲು ಊರಿಗೆಲ್ಲ ಎಚ್ಚರಿಕೆ ಹೇಳುತ್ತಿತ್ತು.

ಯಾರೂ ನಗಲಿಲ್ಲ. ಈಗಲೂ ಅದನ್ನು ನೆನೆದರೆ ನಗು ಬರುವುದಿಲ್ಲ.

ಜಗಲಿಯಲ್ಲಿ ಕೂತು ಪಲ್ಲವಿ ಶಿವನಂಜಪ್ಪನವರ ಫೋನು ಕೇಳಿ ತೆಗೆದುಕೊಂಡಳು. ಅಡುಗೆಮನೆಗೆ ಹೋದಳು, ಬಂದಳು, ಮತ್ತೆ ಹೋದಳು. ಬಂದು ನಮ್ಮೆದುರು ನಿಂತುಕೊಂಡೇ ಹೇಳಿದಳು. ಅಡುಗೆಮನೆಗೆ ಗುಡ್ಡ ಅಡ್ಡ, ಅಲ್ಲಿ ಸಿಗ್ನಲ್ ಇಲ್ಲ. ಅಲ್ಲಿ ಒತ್ತಿದರೆ ಸುದ್ದಿ ಫೋನು ಬಿಟ್ಟು ಹೊರಡುವುದೇ ಇಲ್ಲ. ಆಪು ಅದನ್ನು ಬದಿಗಿಟ್ಟುಕೊಂಡು, ಆಮೇಲೆ ಸಿಗ್ನಲ್ ಇರುವ ಕಡೆ ಬಂದರೂ ಅರ್ಧ ಗಂಟೆ ಬಿಟ್ಟೇ ಮತ್ತೊಮ್ಮೆ ಕಳಿಸಲು ನೋಡುತ್ತದೆ. ಮೊದಲು ಬಿಡದೆ ಪ್ರಯತ್ನಿಸುತ್ತಿತ್ತು. ಚಾರ್ಜೆಲ್ಲ ತಿನ್ನುತ್ತದೆಂದು ಜನ ದೂರಿದರು, ಅದಕ್ಕೆ ಅವಳೇ ಅರ್ಧ ಗಂಟೆಗೆ ಬದಲಾಯಿಸಿದ್ದಳು. ಆ ದೂರು ಸರಿಹೋಗಿತ್ತು. ಹೊರಡದ ಸುದ್ದಿಗೂ ಪರದೆ ಮಾತ್ರ ಕಳುಹಿಸಲಾಗಿದೆ ಎನ್ನುತ್ತಿತ್ತು. ಇಷ್ಟು ದಿನ ಎಲ್ಲರೂ ಕೂಗದ ಫೋನನ್ನು ತಂದು ತೋರಿಸಿದರು, ಅವಳು ಕೂಗದ ಫೋನನ್ನೇ ನೋಡಿದಳು. ತಪ್ಪಿದ್ದದ್ದು ಒತ್ತಿದವರ ಫೋನಿನಲ್ಲಿ. ತಡವಾಗಿ ಕೂಗಿದಾಗ ಮತ್ತೊಂದು ಆನೆ ಬಂತೆಂದು ಎಲ್ಲರೂ ಅಂದುಕೊಂಡಿದ್ದರು.

ಇದನ್ನು ಅವಳು ಹೇಳದೆ ಇದ್ದಿದ್ದರೆ ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ. ಸಿಗ್ನಲ್ ಇರಲಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. “ತಪ್ಪು ನಮ್ಮದ್ರಲ್ಲೇ ಐತೆ,” ಎಂದಳು. ಪಾಠ ಹೇಳುವ ಕನ್ನಡ ಜಾರಿ ಆಲೂರಿನ ಕನ್ನಡ ಬಂದಿತ್ತು.

ಈಗ ಸಿಡಿಯುತ್ತಾರೆ ಎಂದು ನಾನು ಶಿವನಂಜಪ್ಪನವರ ಕಡೆ ನೋಡಿದೆ. ಅವರು ಕಣದಲ್ಲಿ ಚೆಲ್ಲಾಪಿಲ್ಲಿಯಾದ ಕಾಫಿಯನ್ನೇ ನೋಡುತ್ತಿದ್ದರು.

“ಅಂಗಾರೆ ಅವತ್ತು ಪಕ್ಕದ ತೋಟದೋರು ಒತ್ತಿದ್ದು ದಿಟನಾ?” ಎಂದು ಕೇಳಿದರು.

ದಿಟವೇ ಇರಬೇಕು ಎಂದಳು ಪಲ್ಲವಿ. ಅವರ ಪರದೆಯಲ್ಲೂ ಹೋಗಿದೆ ಅಂತಲೇ ಬಂದಿರುತ್ತದೆ.

ಅವರು ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು, ಬೇಲಿ ದಾಟಿ ಹೋದರು. ಅಲ್ಲಿ ಏನು ಮಾತಾಯಿತೋ ತಿಳಿಯದು. ಹಿಂದಿರುಗಿದಾಗ ಜೊತೆಗೆ ಮೊಣಕಾಲು ತರಚಿದ ಮಲ್ಲೇಶನೂ ಇದ್ದ, ಆ ಮನೆಯ ಯಜಮಾನರೂ ಇದ್ದರು. ಗಂಗಮ್ಮ ಒಂದೇ ಕೈಯಲ್ಲಿ ಅಕ್ಕಿರೊಟ್ಟಿ ತಟ್ಟಲು ಹೊರಟಾಗ ನಾನು ಹೋಗಿ ಕೂತು ತಟ್ಟಿದೆ. ನನ್ನ ರೊಟ್ಟಿಗಳ ಆಕಾರದ ಬಗ್ಗೆ ಅವರು ಏನೂ ಹೇಳದಿದ್ದದ್ದು ದೊಡ್ಡತನ.

ಊಟದ ಹೊತ್ತಿಗೆ ಮಾತು ಒಂದು ಹದಕ್ಕೆ ಬಂತು. ಸೋಮವಾರ ಸೊಂಡಿಲು ನಿಲ್ಲುವುದಿಲ್ಲ. ಆದರೆ ಸರಿಪಡಿಸಲು ಸಮಯ ಬೇಕು, ಇಬ್ಬರೇ ಇದ್ದೇವೆ, ಪರೀಕ್ಷೆಯ ಪೇಪರುಗಳೂ ಇವೆ ಎಂದಳು ಪಲ್ಲವಿ. ಅಲ್ಲಿಯವರೆಗೆ ಒತ್ತಿದ ಮೇಲೂ ಫೋನು ಮಾಡಿ ಹೇಳಿ ಎಂದು ಎಲ್ಲರಿಗೂ ಅವಳೇ ತಿಳಿಸುತ್ತಾಳೆ, ತಪ್ಪು ಏನೆಂದೂ ತಿಳಿಸುತ್ತಾಳೆ. ಶಿವನಂಜಪ್ಪ ಒಂದು ಪಟ್ಟು ಹಿಡಿದರು: ದೂರು ಕೊಟ್ಟವರು ಸರಿಯಾಯಿತು ಎನ್ನುವವರೆಗೆ ಅದನ್ನು ಮುಗಿಯಿತು ಎನ್ನಬಾರದು. ಕೈ ಮುರಿದುಕೊಂಡವರಿಗೆ ಮುಗಿಯದ್ದು ನಿಮಗೆ ಹೇಗೆ ಮುಗಿಯುತ್ತದೆ ಎಂದರು. ಪಲ್ಲವಿ ಒಪ್ಪಿದಳು, ತಾನೂ ಒಂದು ಕೇಳಿದಳು. ಬೈಯುವುದಾದರೆ ಬೈಯಿರಿ, ಜೊತೆಗೆ ಎಲ್ಲಿ ನಿಂತು ಒತ್ತಿದಿರಿ, ಆಗ ಏನು ಕಂಡಿತು ಅಷ್ಟನ್ನೂ ಹೇಳಿ. ಬರೀ ಬೈಗುಳದಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಅವರು ತಲೆ ಕೆರೆದುಕೊಂಡು, ಆವತ್ತು ನಿಮ್ಮ ಮನೆಯವರ ಮೇಲೆ ಆನೆ ಬರಲಿ ಅಂದುಬಿಟ್ಟೆ, ನಮ್ಮ ಮನೆ ಮೇಲೇ ಬಂತು ಬುಡಿ ಎಂದರು. ಕ್ಷಮೆಗೆ ಅಷ್ಟು ಹತ್ತಿರ ಬಂದು ನಿಂತರು.

ನನ್ನ ಪಾಲಿಗೆ ಬಂದದ್ದು ವಾಕ್ಯಗಳನ್ನು ತಿದ್ದುವ ಕೆಲಸ. ‘ಕಳುಹಿಸಲಾಗಿದೆ’ಯನ್ನು ಹೊಡೆದುಹಾಕಿ, ಸುದ್ದಿ ನಿಜವಾಗಿ ತಲುಪಿದರೆ ಮಾತ್ರ ‘ಹೋಯ್ತು’ ಎಂದು ಬರೆದೆ. ಇಲ್ಲವಾದರೆ ‘ಇನ್ನೂ ಹೋಗಿಲ್ಲ. ಫೋನ್ ಮಾಡಿ ಹೇಳಿ’. ದೋಷ ಕಂಡುಬಂದಿಲ್ಲ ಎಂಬಲ್ಲಿ ಬಹಳ ಹೊತ್ತು ಪೆನ್ನು ಕಚ್ಚಿಕೊಂಡು ಕೂತೆ. ಕೊನೆಗೆ ‘ನಮಗಿನ್ನೂ ಸಿಕ್ಕಿಲ್ಲ, ಹುಡುಕ್ತಿದ್ದೀವಿ’ ಎಂದಾಯಿತು. ವ್ಯಾಕರಣ ನೋಡಿದರೆ ಫೇಲು. ಪಲ್ಲವಿ ಈ ಸಲ ನಗಲಿಲ್ಲ, ಹಾಗೇ ಹಾಕಿಬಿಟ್ಟಳು.

ಅವಳು ತಪ್ಪನ್ನು ಬರೆದು ಒಪ್ಪಿಕೊಂಡ ದಿನ ಗ್ರೂಪಿನಲ್ಲಿ ಮತ್ತೆ ಬೈಗುಳ ಬಂತು. ಆಗ ಅವಳ ಪರವಾಗಿ ಮೊದಲು ಬಾಯಿಬಿಟ್ಟವರು ಶಿವನಂಜಪ್ಪ. ಅವರ ಪರ ವಹಿಸುವಿಕೆಯಲ್ಲಿ ಬಂದ ಕೆಲವು ಪದಗಳನ್ನೂ ನಾನು ಇಲ್ಲಿ ಬರೆಯಲಾರೆ. ಆಮೇಲೆ ಅವರು ಮಲ್ಲೇಶನ ಜೊತೆ ಕೆರೆ ಏರಿ, ಗದ್ದೆ ಬದು, ತೋಟದ ಮೂಲೆ ಎಲ್ಲ ಕಡೆ ನಿಂತು ಒತ್ತಿ ನೋಡಿ, ಎಲ್ಲಿ ಹೋಗುತ್ತದೆ ಎಲ್ಲಿ ಹೋಗುವುದಿಲ್ಲ ಎಂದು ಅವಳಿಗೆ ಹೇಳುತ್ತಿದ್ದರು. ಕಾಫಿ ಕುಯ್ಲು ಮುಗಿದು, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗೆ ಜನ ಮುಗಿಲು ನೋಡುವ ಹೊತ್ತಿಗೆ ಅವಳೂ ಗೆಳತಿಯೂ ಅದನ್ನು ಸರಿಪಡಿಸಿದ್ದರು. ಸರಿಯಾಯಿತು ಎಂದು ಅವಳ ನಂಬಿಕೆ. ಆದರೆ ಶಿವನಂಜಪ್ಪನವರ ದೂರು ಮುಗಿಯದೆ ಹಾಗೇ ಇತ್ತು. ನೋಡೋಣ ಬುಡಿ ಎನ್ನುತ್ತಿದ್ದರು.

ಕಳೆದ ವಾರ ಬೆಳಿಗ್ಗೆ ಪಲ್ಲವಿಯ ಫೋನು ಬಂತು. ಶಿವನಂಜಪ್ಪನವರ ನಂಬರಿನಿಂದ ಗ್ರೂಪಿಗೆ ಧ್ವನಿ ಸಂದೇಶ ಬಂದಿದೆ. ಇಷ್ಟು ಬೆಳಿಗ್ಗೆ ಯಾಕೆ ಹಾಕಿದ್ದಾರೆ, ನನಗೆ ಒತ್ತಲು ಧೈರ್ಯವಿಲ್ಲ, ನೀವು ಕೇಳಿ ಹೇಳಿ ಮಿಸ್ ಎಂದಳು. ಹಿಂದಿನದೆಲ್ಲ ನನ್ನ ಕಣ್ಣ ಮುಂದೆ ಬಂತು. ಚರಂಡಿ, ಮೊಪೆಡ್ಡು, ಧೂಳು. ಯಾರಿಗೆ ಏನಾಯಿತೋ ಎಂದುಕೊಂಡೇ ಒತ್ತಿದೆ. ಶಿವನಂಜಪ್ಪನವರ ದನಿಯಲ್ಲ. ಗಂಗಮ್ಮನದು. ಅವರು ಫೋನಿಗೆ ಮಾತಾಡಿದ್ದು ಅದೇ ಮೊದಲಿರಬೇಕು, ದೂರದ ಹೊಲದಲ್ಲಿರುವವರನ್ನು ಕರೆಯುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು.

“ಇವತ್ತು ಹಾಲು ತಕ್ಕಂಡು ಡೈರಿಗೆ ಹೊಂಟಿದ್ದೆ. ಫೋನ್ ಹೊಡ್ಕೊಂತು. ಹೋಗ್ಲಿಲ್ಲ. ಅಷ್ಟೇ ಕಣವ್ವ.”

ಇದ್ದದ್ದನ್ನು ಇದ್ದ ಹಾಗೇ ಪಲ್ಲವಿಗೆ ಹೇಳಿದೆ.

“ಮಿಸ್,” ಎಂದಳು. “ಆನೆ ಬರೋಕೆ ಮುಂಚೆ ಹೊಡ್ಕೊಂತಾ, ಬಂದ ಮೇಲಾ? ಕೇಳ್ತೀರಾ?”

ಗಂಗಮ್ಮನಿಗೆ ಫೋನು ಮಾಡಿ ಕೇಳಿದೆ. ಅವರು ಆಗಲೇ ಹಾಲಿಗೆ ಹೆಪ್ಪು ಹಾಕುತ್ತಿದ್ದರಂತೆ.

“ಮುಂಚೇನೇ ಕಣ್ ಮೇಡಮ್ಮ,” ಎಂದರು. “ಬಾಗ್ಲು ಹಾಕ್ಕೊಂಡು ಕಿಟ್ಕೀಲಿ ನೋಡ್ತಾ ನಿಂತಿದ್ದೆ. ಒಸಿ ಹೊತ್ತು ಬುಟ್ಟು ಬಂತು.”